ಅತ್ತೆ ತೊಳೆದ ಎಂಜಿನ್ನು

ಈ ಬೀದಿಗೆ ಮನೆ ಬದಲಾಯಿಸಿದ ಹೊಸದರಲ್ಲಿ, ಎದುರುಮನೆಯವರು ಸಂಬಳ ಕೊಟ್ಟು ಒಬ್ಬ ಮೆಕ್ಯಾನಿಕ್ಕನ್ನು ಮನೆಯಲ್ಲೇ ಇಟ್ಟುಕೊಂಡಿದ್ದಾರೆ ಎಂದು ನಾನು ತಿಳಿದಿದ್ದೆ. ತಪ್ಪು ನನ್ನದಲ್ಲ. ರಜಾ ದಿನ ಬೆಳಗ್ಗೆ ಕಿಟಕಿ ತೆಗೆದರೆ ಅವರ ಕಾರಿನ ಅಡಿಯಿಂದ ಎರಡು ಪಾದಗಳು ಹೊರಗೆ ಚಾಚಿಕೊಂಡಿರುತ್ತಿದ್ದವು. ಸಂಜೆ ಕಿಟಕಿ ಮುಚ್ಚುವಾಗಲೂ ಅಲ್ಲೇ ಇರುತ್ತಿದ್ದವು. ಇಷ್ಟು ನಿಷ್ಠೆಯಿಂದ ದುಡಿಯುವ ಪಾದಗಳು ಈ ಕಾಲದಲ್ಲಿ ಎಲ್ಲಿ ಸಿಗುತ್ತವೆ ಎಂದುಕೊಂಡು ಒಂದು ದಿನ ರಸ್ತೆ ದಾಟಿ ಹೋಗಿ, ಬಗ್ಗಿ, ಪಾದಗಳನ್ನೇ ಮಾತಾಡಿಸಿದೆ. "ಏನಪ್ಪಾ, ಇಲ್ಲಿ ಮುಗಿದ ಮೇಲೆ ನಮ್ಮನೆ ಕಡೆಗೂ ಒಂದು ಸಲ ಬಂದು ಹೋಗು. ನಮ್ಮ ಗಾಡಿನೂ ಕೆಮ್ತಾ ಇದೆ."

ಪಾದಗಳು ಸ್ತಬ್ಧವಾದವು. ಹೆಬ್ಬೆರಳು ಮಾತ್ರ ಸಿಟ್ಟಿನಿಂದ ನೆಟ್ಟಗಾಯಿತು. ಆಮೇಲೆ ಒಳಗಿನಿಂದ ತಗ್ಗಿದ, ಆದರೆ ಭಾರಿ ಗಾಂಭೀರ್ಯದ ದನಿಯೊಂದು ಬಂತು: "ನಿಮ್ಮ ದನಿ ನನಗೆ ಗೊತ್ತು. ನೀವು ತಗೊಂಡು ಹೋದ ಎರಡು ಪುಸ್ತಕ ಇನ್ನೂ ವಾಪಸ್ ಬಂದಿಲ್ಲ."

ಅದು ನಮ್ಮೂರ ಗ್ರಂಥಾಲಯದ ಗ್ರಂಥಪಾಲಕರ ದನಿ. ಓದುವ ಕೋಣೆಯಲ್ಲಿ ಯಾರಾದರೂ ಸೀನಿದರೆ ಸಾಕು, ಆ ಸೀನಿಗಿಂತ ಜೋರಾಗಿ "ನಿಶ್ಶಬ್ದ!" ಎಂದು ಕೂಗುವವರಾದ್ದರಿಂದ ಊರು ಅವರಿಗೆ ನಿಶ್ಶಬ್ದರಾಯರು ಎಂದು ಹೆಸರಿಟ್ಟಿದೆ. (ಪುಸ್ತಕಗಳನ್ನು ಅಂದು ಸಂಜೆಯೇ ಕೊಟ್ಟುಬಂದೆ. ಓದಿರಲಿಲ್ಲ.) ಪುಸ್ತಕದಲ್ಲಿ ಇಲ್ಲದ್ದು ಲೋಕದಲ್ಲಿ ಇಲ್ಲ, ಪುಸ್ತಕದಲ್ಲಿ ಇರುವುದನ್ನು ನೋಡಿ ಮಾಡಲು ಬಾರದವನು ಲೋಕದಲ್ಲಿ ಇರಬೇಕಾಗಿಲ್ಲ. ಇದು ರಾಯರ ಸಿದ್ಧಾಂತ. ಈ ಸಿದ್ಧಾಂತಕ್ಕೆ ಆ ಮನೆಯ ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ, ಬಚ್ಚಲಿನ ನಲ್ಲಿ ಒಂದರ ಹಿಂದೊಂದು ಬಲಿಯಾಗಿ, ಸರದಿ ಕೊನೆಗೆ ಕಾರಿಗೆ ಬಂದಿತ್ತು.

ಅದರಲ್ಲೂ ಎಂಜಿನ್ನಿಗೇ ಕೈ ಹಾಕುವ ಗಳಿಗೆ ಎಂಥ ಹೊತ್ತಿನಲ್ಲಿ ಬಂತು ನೋಡಿ. ರಾಯರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೊಸ ಹುದ್ದೆ ಆಕೆಗೆ ನಿಕ್ಕಿಯಾಗಿತ್ತು. ರಾತ್ರಿ ಪಾಳಿಯ ಕಾಟ ತಪ್ಪುವ, ವರ್ಷಗಟ್ಟಲೆ ಕಾದು ಪಡೆದ ಹುದ್ದೆ. ಷರತ್ತು ಒಂದೇ: ಕಾರು ಓಡಿಸುವ ಲೈಸೆನ್ಸು ಇರಬೇಕು. ಹಿಂದೊಮ್ಮೆ ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಪರೀಕ್ಷೆಗೆ ಕೂತು ಫೇಲಾಗಿದ್ದಳು. "ಬ್ರೇಕ್ ಹಾಕೋಕೆ ಮುಂಚೆ ತುಂಬ ಯೋಚನೆ ಮಾಡ್ತೀರಮ್ಮ ನೀವು" ಎಂದಿದ್ದರು ಪರೀಕ್ಷೆಯ ಅಧಿಕಾರಿ. ಈ ಸಲ ಸೋಮವಾರ ಬೆಳಗ್ಗೆ, ಕೈಗೂ ಕಾಲಿಗೂ ಪಳಗಿದ ಸ್ವಂತ ಕಾರಿನಲ್ಲಿ ಮತ್ತೆ ಪರೀಕ್ಷೆ. ಇದೂ ತಪ್ಪಿದರೆ ಹುದ್ದೆ ಬೇರೆಯವರ ಪಾಲು.

ಶುಕ್ರವಾರ ಸಂಜೆ ರಾಯರು ಸುದ್ದಿ ತಂದರು. "ಗ್ಯಾರೇಜಿನವನಿಗೆ ತೋರಿಸಿದೆ. ಟೈಮಿಂಗ್ ಬೆಲ್ಟು ಹಳೇದಾಗಿದೆಯಂತೆ. ಯಾವಾಗ ಬೇಕಾದರೂ ಕಿತ್ತುಹೋಗಬಹುದಂತೆ."

"ಸರಿ, ಹಾಕಿಸ್ಕೊಂಡು ಬರಬೇಕಿತ್ತು."

"ಅವನಿಗೆ ಬುಧವಾರದ ತನಕ ಪುರಸೊತ್ತಿಲ್ಲ. ಅದಕ್ಕೇ ಬೆಲ್ಟು, ಬೆಲ್ಟನ್ನ ಬಿಗಿ ಹಿಡಿಯೋ ರಾಟೆ, ವಾಟರ್ ಪಂಪು ಎಲ್ಲ ತಂದಿದ್ದೀನಿ. ನಾಳೆ ನಾನೇ ಹಾಕಿಬಿಡ್ತೀನಿ."

ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಅದು ಒಳ್ಳೆಯ ಲಕ್ಷಣವಲ್ಲ ಎಂದು ರಾಯರಿಗೆ ಅನುಭವದಿಂದ ಗೊತ್ತು.

"ರೀ, ಇಷ್ಟು ವರ್ಷ ಬಾಳಿದ ಬೆಲ್ಟು ಸೋಮವಾರದ ತನಕ ಬಾಳಲ್ವಾ?"

"ಪರೀಕ್ಷೆ ಮಧ್ಯದಲ್ಲೇ ಪಟ್ ಅಂದರೆ? ಎಂಜಿನ್ನಿನಲ್ಲಿ ಮೇಲೊಂದು ಹಲ್ಲಿನ ಚಕ್ರ, ಕೆಳಗೊಂದು ಹಲ್ಲಿನ ಚಕ್ರ. ಎರಡೂ ಗಂಡ ಹೆಂಡತಿ ಇದ್ದ ಹಾಗೆ. ಬೆಲ್ಟು ಇಬ್ಬರನ್ನೂ ಹೆಜ್ಜೆ ತಪ್ಪದೆ ನಡೆಸತ್ತೆ. ಸ್ವಲ್ಪ ಆಚೀಚೆ ಆದರೆ ಮೇಲಿನದು ಬಂದು ಕೆಳಗಿನದಕ್ಕೆ ಬಡಿದು ಸಂಸಾರ ನುಚ್ಚುನೂರು."

"ನಮ್ಮದರಲ್ಲಿ ಬೆಲ್ಟು ಯಾವುದು ಅಂತ ನನಗೆ ಇನ್ನೂ ಗೊತ್ತಾಗಿಲ್ಲ," ಎಂದಳು ಆಕೆ. "ಒಂದು ಮಾತು ನಿಜ ಹೇಳಿ. ನನಗೆ ಲೈಸೆನ್ಸು ಸಿಗಬಾರದು ಅಂತಲೇ ಈ ಯಜ್ಞ ತಾನೇ?"

ರಾಯರಿಗೆ ನಿಜವಾಗಿಯೂ ನೋವಾಯಿತು. ಹೆಂಡತಿಗಾಗಿ ಮೈಯೆಲ್ಲ ಗ್ರೀಸು ಬಳಿದುಕೊಳ್ಳಲು ಹೊರಟವನಿಗೆ ಇದು ಸಿಗುವ ಮರ್ಯಾದೆ! ಗ್ರಂಥಾಲಯದಿಂದ ತಮ್ಮ ಹೆಸರಿಗೇ ಮುದ್ರೆ ಒತ್ತಿ ತಂದಿದ್ದ ದಪ್ಪ ಪುಸ್ತಕವನ್ನು ಎದೆಗೆ ಅವುಚಿಕೊಂಡು ಮಲಗಲು ಹೋದರು.

ಶನಿವಾರ ಬೆಳಗ್ಗೆ ಕಾಯಕ ಮೊದಲಾಯಿತು. ರಾಯರ ಕೆಲಸದ ಕ್ರಮ ಹೀಗೆ: ಗ್ರಂಥಾಲಯದ ಪುಸ್ತಕಕ್ಕೆ ಗ್ರೀಸಿನ ಕೈ ತಾಗಬಾರದು. ಆದ್ದರಿಂದ ಪುಸ್ತಕ ನಡುಮನೆಯ ಮೇಜಿನ ಮೇಲೆ, ಕಾರು ಅಂಗಳದಲ್ಲಿ. ಒಳಗೆ ಬಂದು ಒಂದು ವಾಕ್ಯ ಓದುವುದು, ಬಾಯಿಪಾಠ ಮಾಡುತ್ತ ಹೊರಗೆ ಹೋಗುವುದು, ಒಂದು ಬೋಲ್ಟು ಬಿಚ್ಚುವುದು, ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಳ್ಳುವುದು, ಒರೆಸಿಕೊಳ್ಳುವುದು, ಒಳಗೆ ಬಂದು ಮುಂದಿನ ವಾಕ್ಯ ಓದುವುದು. ತಿಂಡಿಯ ಹೊತ್ತಿಗೆ ಮನೆಯ ಸೋಪೆಲ್ಲ ಕರಗಿತ್ತು. ಕಾರಿನಿಂದ ಒಂದು ಚಕ್ರ ಮತ್ತು ಒಂದು ಪ್ಲಾಸ್ಟಿಕ್ ಮುಚ್ಚಳ ಮಾತ್ರ ಕಳಚಿದ್ದವು.

"ಶಸ್ತ್ರಚಿಕಿತ್ಸೆ ಡಾಕ್ಟರೂ ಇಷ್ಟು ಸಲ ಕೈ ತೊಳೆಯಲ್ಲ," ಎನ್ನುತ್ತ, ನೋಡಿ ನೋಡಿ ಸಾಕಾದ ಹೆಂಡತಿ ಪುಸ್ತಕ ಹಿಡಿದು ಕಿಟಕಿಗೆ ಬಂದು ಕೂತಳು. "ನಾನು ಓದ್ತೀನಿ, ನೀವು ಮಾಡಿ. ಮಧ್ಯಾಹ್ನ ನಾನು ಡ್ಯೂಟಿಗೆ ಹೋಗಬೇಕು."

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದರು. ಮಗಳ ಜೊತೆಗೇ ಇರುವ ಆಕೆಗೆ ಅಳಿಯನೆಂದರೆ ಬಹಳ ಗೌರವ; ಆ ಗೌರವದ ಭಾರಕ್ಕೆ ಅಳಿಯ ಎಂದೂ ಆಕೆಗೆ ಎದುರು ಮಾತಾಡಿದವರಲ್ಲ. "ಅಳಿಯಂದಿರೇ, ಈ ಬಾಣಲೆ ಹಿಡಿಕೆ ಲಡಬಡ ಅಂತಿದೆ. ಹೇಗೂ ಸ್ಪ್ಯಾನರ್ ಹಿಡಿದಿದ್ದೀರಿ, ಒಂದು ಸುತ್ತು ಬಿಗಿ ಮಾಡಿಕೊಡಿ."

"ಅತ್ತೆ, ಎಂಜಿನ್ ಬಿಚ್ಚೋ ಕೈಗೆ ಬಾಣಲೆ ಕೊಡ್ತೀರಲ್ಲ. ಆಮೇಲೆ ನೋಡೋಣ," ಎಂದರು ರಾಯರು, ಮೃದುವಾಗಿ, ಗ್ರಂಥ ಸಂಪಾದನೆಯಲ್ಲಿದ್ದವರು ಕತೆಪುಸ್ತಕ ಕೇಳಲು ಬಂದವರನ್ನು ನೋಡುವ ಹಾಗೆ ನೋಡಿ. ಅತ್ತೆ ಬಾಣಲೆಯೊಂದಿಗೆ ಹಿಂತಿರುಗಿದರು.

ಬಿಚ್ಚಿದ ಬೋಲ್ಟುಗಳನ್ನು ಎಲ್ಲರಂತೆ ನೆಲದ ಮೇಲೆ ಎಸೆಯುವವರಲ್ಲ ರಾಯರು. ಖಾಲಿ ಜಾಮಿನ ಸೀಸೆಗಳನ್ನು ಸಾಲಾಗಿ ಇಟ್ಟು, ಪುಸ್ತಕದ ಬೆನ್ನಿಗೆ ಅಂಟಿಸುವ ಚೀಟಿಗಳನ್ನು ಅವಕ್ಕೆ ಅಂಟಿಸಿ, ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದರು: "ಮೇಲಿನ ಮುಚ್ಚಳ, ಎಡ", "ಪಂಪು, ಉದ್ದನೆಯವು", "ಅಡಿಯವು, ಸಂಶಯಾಸ್ಪದ". ಜಗತ್ತಿನಲ್ಲಿ ಯಾವ ಎಂಜಿನ್ನಿಗೂ ಇಷ್ಟು ಚೆಂದದ ವರ್ಗೀಕರಣ ಆಗಿರಲಾರದು.

"ಓದು," ಎಂದರು.

"ಬೆಲ್ಟ್ ಕಳಚುವ ಮುನ್ನ ಮೇಲಿನ ಚಕ್ರದ ಗುರುತು, ಕೆಳಗಿನ ಚಕ್ರದ ಗುರುತು, ಎರಡೂ ಎಂಜಿನ್ನಿನ ಮೇಲಿರುವ ತಂತಮ್ಮ ಗೆರೆಗೆ ಸರಿಯಾಗಿ ನಿಲ್ಲತಕ್ಕದ್ದು. ಗುರುತು ಅಂದರೆ ಕೊರೆದ ಚುಕ್ಕೆ ಅಂತ ಇದೆ ರೀ."

"ಕೆಳಗಿನದು ಸರಿಯಾಗಿದೆ. ಮೇಲಿನದೂ ಕಾಣ್ತಿದೆ. ಜಿಡ್ಡಿನ ಮಧ್ಯೆ ಬೆಳ್ಳಗೆ ಇದೆಯಲ್ಲ ಚುಕ್ಕೆ. ಗೆರೆಯಿಂದ ಒಂದಿಷ್ಟು ಆಚೆ ನಿಂತಿದೆ."

"ಬಿಳಿ ಅಂತ ಬರೆದಿಲ್ಲ. ಕೊರೆದ ಚುಕ್ಕೆ ಅಂತ ಇದೆ."

"ಬೆಳ್ಳಗೆ ಕೊರೆದಿರಬಹುದು ಕಣೇ!"

"ಕೊರೆದರೆ ಬೆಳ್ಳಗೆ ಹೇಗಾಗತ್ತೆ? ನನ್ನ ತಲೆ ಕೊರೀತಿದ್ದೀರಿ, ನನಗೆ ಕೂದಲು ಬೆಳ್ಳಗಾಗಿದ್ದು ನಿಜ. ಕಬ್ಬಿಣಕ್ಕೂ ಆಗತ್ತಾ?"

"ನಿಶ್ಶಬ್ದ!" ಎಂದರು ರಾಯರು.

ಬೆಲ್ಟು ಕಳಚಿದ್ದಾಯಿತು. ಗೆರೆಯಿಂದ ಆಚೆ ನಿಂತಿದ್ದ ಬಿಳಿ ಚುಕ್ಕೆ ರಾಯರ ಕಣ್ಣಿಗೆ, ತಪ್ಪು ಕಪಾಟಿನಲ್ಲಿಟ್ಟ ಪುಸ್ತಕದ ಹಾಗೆ ಚುಚ್ಚುತ್ತಲೇ ಇತ್ತು. ಇದು ಕಾರು ಮಾಡಿದವರ ಅಜಾಗರೂಕತೆ ಎಂದು ತೀರ್ಮಾನಿಸಿ, ಸ್ಪ್ಯಾನರ್ ಹಾಕಿ ಮೇಲಿನ ಚಕ್ರವನ್ನು ತುಸುವೇ ತಿರುಗಿಸಿ, ಚುಕ್ಕೆಯನ್ನು ಗೆರೆಗೆ ತಂದು ನಿಲ್ಲಿಸಿದರು. ಪಕ್ಕದಲ್ಲೇ ಒಂದು ಚೀಟಿ ಅಂಟಿಸಿದರು: "ಇಲ್ಲೇ ಇರತಕ್ಕದ್ದು." ಹಳೆಯ ಪಂಪು ಬಿಚ್ಚಿ ಹೊಸದನ್ನು ಕೂರಿಸಿದರು. ಇನ್ನು ಹೊಸ ಬೆಲ್ಟು ತೊಡಿಸುವುದೊಂದೇ ಬಾಕಿ. ಹೆಂಡತಿ ಡ್ಯೂಟಿಗೆ ಹೊರಟಳು. ರಾಯರು ಊಟ ಮಾಡಿ, ವಿಜಯಿಯೊಬ್ಬನಿಗೆ ಸಲ್ಲಬೇಕಾದ ಒಂದು ಸಣ್ಣ ನಿದ್ದೆಗೆ ಮಲಗಿದರು.

ಇಲ್ಲಿ ಅತ್ತೆಯವರ ಒಂದು ಗುಣ ಹೇಳಬೇಕು. ಚೀಟಿ ಅಂಟಿದ ಸೀಸೆ ಕಣ್ಣಿಗೆ ಬಿದ್ದರೆ ಆಕೆಗೆ ಕೈ ಕಟ್ಟಿ ಕೂರಲು ಆಗುವುದಿಲ್ಲ. ಬಿಸಿನೀರಿನಲ್ಲಿ ನೆನೆಹಾಕಬೇಕು, ಉಗುರಿನಲ್ಲಿ ಕೆರೆಯಬೇಕು, ಉಳಿದ ಅಂಟಿಗೆ ಎಣ್ಣೆ ಸವರಿ ತಿಕ್ಕಬೇಕು, ಬೋರಲು ಹಾಕಬೇಕು. ಹೀಗಾಗಿ ಆ ಮನೆಯ ಅಡುಗೆಕೋಣೆಯಲ್ಲಿ ಎಲ್ಲ ಸೀಸೆಗಳೂ ಫಳಫಳ, ಎಲ್ಲವೂ ಒಂದೇ ಥರ. ಸಕ್ಕರೆ ಯಾವುದು ಉಪ್ಪು ಯಾವುದು ಎಂದು ತಿಳಿಯುವುದು ಕಾಫಿ ಕುಡಿದ ಮೇಲೆಯೇ. ಚೀಟಿ ಅಂಟಿಸುವುದೇ ಜೀವನವೆಂದುಕೊಂಡ ಅಳಿಯ, ಚೀಟಿ ಕೀಳುವುದೇ ಧರ್ಮವೆಂದುಕೊಂಡ ಅತ್ತೆ ಒಂದೇ ಸೂರಿನಡಿ ಇಷ್ಟು ಕಾಲ ಕ್ಷೇಮವಾಗಿದ್ದುದೇ ಹೆಚ್ಚು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ರಾಯರು ಕಣ್ಣುಜ್ಜಿಕೊಂಡು ಹೊರಗೆ ಬಂದಾಗ ಕಾಂಪೌಂಡ್ ಗೋಡೆಯ ಮೇಲೆ ಸೀಸೆಗಳು ಬೋರಲಾಗಿ, ಬೆತ್ತಲೆಯಾಗಿ, ಬಿಸಿಲಿಗೆ ಹೊಳೆಯುತ್ತಿದ್ದವು. ಕೆಳಗೆ ಹಳೆಯ ಟವೆಲ್ಲಿನ ಮೇಲೆ ಎಲ್ಲ ಬೋಲ್ಟುಗಳೂ ಒಣಗುತ್ತಿದ್ದವು.

"ಎದ್ರಾ?" ಎಂದರು ಅತ್ತೆ, ಸೆರಗಿನಲ್ಲಿ ಕೈ ಒರೆಸುತ್ತ. "ಪಾಪ, ನೀವೊಬ್ಬರೇ ಒದ್ದಾಡ್ತಿದ್ರಿ. ಎಲ್ಲ ಕಪ್ಪು ಜಿಡ್ಡು ಹಿಡಿದು ಕೂತಿದ್ವು. ಪಾತ್ರೆ ಜೊತೆಗೇ ಬಿಸಿನೀರಿಗೆ ಹಾಕಿ ಹಳೇ ಬ್ರಷ್ಷಲ್ಲಿ ಉಜ್ಜಿಬಿಟ್ಟೆ. ಸಣ್ಣದೆಲ್ಲ ಒಂದು ಕಡೆ, ದೊಡ್ಡದೆಲ್ಲ ಒಂದು ಕಡೆ. ನೀವೇ ಹೇಳ್ತೀರಲ್ಲ, ವಿಂಗಡವಾಗಿರಬೇಕು ಅಂತ."

ರಾಯರ ಬಾಯಿ ತೆರೆಯಿತು. ಆ ಊರಿನ ಇತಿಹಾಸದಲ್ಲೇ ಅಷ್ಟು ಶುದ್ಧವಾದ ನಿಶ್ಶಬ್ದ ಇನ್ನೊಂದಿರಲಿಲ್ಲ.

"ಒಳಗಿನ ಆ ಹಲ್ಲಿನ ಚಕ್ರಾನೂ ನೋಡೋಕಾಗ್ತಿರಲಿಲ್ಲ," ಅತ್ತೆ ಮುಂದುವರಿಸಿದರು. "ಯಾರೋ ಚೀಟಿ ಬೇರೆ ಅಂಟಿಸಿದ್ರು. ಒದ್ದೆ ಬಟ್ಟೆ ಹಿಡಿದು ತಿರುಗಿಸಿ ತಿರುಗಿಸಿ ಸುತ್ತಲೂ ಒರೆಸಿದೆ. ಮೊದಲು ಬಿಗಿಯಾಗಿತ್ತು. ಒತ್ತಿದೆ ನೋಡಿ, ಟಕ್ ಅಂತ ತಾನೇ ಮುಂದಕ್ಕೆ ಹಾರ್ತು. ಒಳ್ಳೇ ಗಟ್ಟಿ ಮಾಲು, ಅಳಿಯಂದಿರೇ."

ರಾಯರು ಬಾನೆಟ್ಟಿನೊಳಗೆ ಇಣುಕಿದರು: ಚೀಟಿಯೂ ಇಲ್ಲ, ಬಿಳಿ ಚುಕ್ಕೆಯೂ ಇಲ್ಲ. ಹೆಂಡತಿಯಾಗಿದ್ದರೆ ಬೀದಿ ಕೇಳುವ ಹಾಗೆ ಕೂಗಬಹುದಿತ್ತು. ಅತ್ತೆ! ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಎಲ್ಲಿಂದಲೋ ದನಿ ಹೊರಡಿಸಿ, "ಪರವಾಗಿಲ್ಲ ಅತ್ತೆ... ಕೈ ನೋವಾಯ್ತೇನೋ" ಎಂದರು. ಆಮೇಲೆ ಕಾರಿನ ಅಡಿಗೆ ಹೋಗಿ ಮಲಗಿದರು. ಅಲ್ಲಿ ಕೆಲಸವೇನೂ ಇರಲಿಲ್ಲ. ಮುಖ ಮರೆಸಿಕೊಳ್ಳಲು ಬೇರೆ ಜಾಗವಿರಲಿಲ್ಲ, ಅಷ್ಟೆ.

ಸಂಜೆ ಡ್ಯೂಟಿ ಮುಗಿಸಿ ಬಂದ ಹೆಂಡತಿ ಅಂಗಳದ ಪಾದಗಳನ್ನು ನೋಡಿಯೇ ವಿಷಯ ಊಹಿಸಿದಳು. ಪಾದಗಳು ಅಷ್ಟು ಬಾಡಿದ್ದವು.

"ಏನಾಯ್ತು?"

"ನಿಮ್ಮಮ್ಮ ಎಂಜಿನ್ನು ತೊಳೆದರು," ಎಂದವು ಪಾದಗಳು.

"ತೊಳೆದರೆ ಒಳ್ಳೇದೇ ಅಲ್ವಾ?"

ರಾಯರು ಸರ್ರನೆ ಹೊರಗೆ ಜಾರಿಕೊಂಡು ಬಂದರು. "ಒಳ್ಳೇದಾ? ನನ್ನ ಗುರುತು, ನನ್ನ ಚೀಟಿ, ನನ್ನ ಬಿಳಿ ಚುಕ್ಕೆ, ಎಲ್ಲ ಒರೆಸಿ ಗುಂಡಾಂತರ ಮಾಡಿಟ್ಟಿದ್ದಾರೆ! ಚಕ್ರ ಎಲ್ಲಿ ನಿಲ್ಲಬೇಕು ಅಂತ ಇನ್ನು ಭಗವಂತನೇ ಬಂದು ಹೇಳಬೇಕು! ಸೋಮವಾರ ನಿನ್ನ ಪರೀಕ್ಷೆ! ನಾನು ಬಾಯಿ ಬಿಟ್ಟು ಒಂದು ಮಾತು ಅಂದೆನಾ? ಅನ್ನಲಿಲ್ಲ! ಅಂದೆನಾ?"

"ಈಗ ಅಂತಿದ್ದೀರಲ್ಲ," ಎಂದು ಹೆಂಡತಿ ಟಾರ್ಚು ತೆಗೆದುಕೊಂಡು ಬಾನೆಟ್ಟಿನೊಳಗೆ ಬಗ್ಗಿದಳು. ಎಂಜಿನ್ನು ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಸ್ವಲ್ಪ ಹೊತ್ತು ನೋಡಿ, ನರ್ಸುಗಳಿಗೆ ಮಾತ್ರ ಬರುವ ಆ ತಣ್ಣನೆಯ ದನಿಯಲ್ಲಿ ಕರೆದಳು. "ರೀ, ಬನ್ನಿ ಇಲ್ಲಿ. ಇದೇನಿದು?"

ಮೇಲಿನ ಚಕ್ರದ ಅಂಚಿನಲ್ಲಿ, ಇಷ್ಟು ವರ್ಷ ಜಿಡ್ಡಿನಡಿ ಹೂತುಹೋಗಿದ್ದ ಒಂದು ಪುಟ್ಟ ಗುಳಿ. ಕೊರೆದ ಚುಕ್ಕೆ. ಕಬ್ಬಿಣದ ಬಣ್ಣದ್ದೇ ಚುಕ್ಕೆ.

"ಹಾಗಾದರೆ ಆ ಬಿಳಿ ಚುಕ್ಕೆ...?"

"ಹೋದ ವರ್ಷ ಗೋಡೆಗೆ ಬಣ್ಣ ಹೊಡೆಸಿದೆವಲ್ಲ. ಅವತ್ತು ನೀವು ಒಳಗೆ ಹೇಗಿದೆ ನೋಡ್ತೀನಿ ಅಂತ ಬಾನೆಟ್ಟು ಎತ್ತಿ, ಆ ಮುಚ್ಚಳಾನೂ ಬಿಚ್ಚಿಟ್ಟು, ಕಾಫಿ ಕುಡಿಯೋಕೆ ಬಂದು ಮರೆತು ಕೂತಿದ್ರಿ. ಬಣ್ಣದವನ ಕುಂಚದಿಂದ ಸಿಡಿದಿರೋದು." ಟಾರ್ಚನ್ನು ಎಂಜಿನ್ನಿನಿಂದ ತೆಗೆದು ಗಂಡನ ಮುಖಕ್ಕೆ ಹಿಡಿದಳು. "ಅದನ್ನ ನಂಬಿ ಚಕ್ರ ತಿರುಗಿಸಿ, 'ಇಲ್ಲೇ ಇರತಕ್ಕದ್ದು' ಅಂತ ಚೀಟಿ ಬೇರೆ ಅಂಟಿಸಿದ್ರಿ. ಹಾಗೇ ಬೆಲ್ಟು ಹಾಕಿದ್ದರೆ? ಸಂಸಾರ ಏನಾಗ್ತಿತ್ತು ಅಂದ್ರಿ?"

"ನುಚ್ಚುನೂರು," ಎಂದರು ರಾಯರು, ಗ್ರಂಥಾಲಯದಲ್ಲಿ ಮಾತಾಡಬೇಕಾದಷ್ಟು ಮೆಲ್ಲಗೆ.

ಭಾನುವಾರ ಹೊಸ ಬೆಲ್ಟು ಏರಿತು. ಹೆಂಡತಿ ಪುಸ್ತಕ ಓದುತ್ತ, ಓದಿದ್ದನ್ನೇ ಮಾಡುತ್ತಿದ್ದಾರೋ ಇಲ್ಲವೋ ಎಂದು ಕಿಟಕಿಯಿಂದ ಇಳಿದು ಬಂದು ನೋಡುತ್ತ, ಕೊರೆದ ಚುಕ್ಕೆಯನ್ನು ಗೆರೆಗೆ ನಿಲ್ಲಿಸಿಯೇ ಮುಂದಿನ ವಾಕ್ಯಕ್ಕೆ ಹೋದಳು. ಎಂಜಿನ್ನನ್ನು ಮೊದಲು ಕೈಯಿಂದಲೇ ನಿಧಾನವಾಗಿ ತಿರುಗಿಸಿ ನೋಡಿದರು. ಎಲ್ಲೂ ಏನೂ ಬಡಿಯಲಿಲ್ಲ. ಬೋಲ್ಟುಗಳದ್ದೇ ಗೋಳು. ಯಾವುದು ಎಲ್ಲಿಯದು ಎಂದು ಪ್ರತಿಯೊಂದನ್ನೂ ಪ್ರತಿ ತೂತಿಗೂ ಕೂರಿಸಿ, ಒಲ್ಲೆ ಎಂದರೆ ಮುಂದಿನ ತೂತಿಗೆ ಕರೆದುಕೊಂಡು ಹೋಗಿ, ಹೆಣ್ಣು ತೋರಿಸಲು ಊರೂರು ಅಲೆಸಿದಂತೆ ಅಲೆಸಿದರು. ಅತ್ತೆ ಬಾಣಲೆಯನ್ನು ಎರಡು ಬಟ್ಟೆಯಲ್ಲಿ ಹಿಡಿದು ತಂದು ಅಂಗಳದಲ್ಲೇ ಬಡಿಸಿದರು. ಸಂಜೆಯ ಹೊತ್ತಿಗೆ ಎಲ್ಲ ತೂತುಗಳೂ ತುಂಬಿದವು. ಹೆಂಡತಿ ಕೀಲಿ ತಿರುಗಿಸಿದಳು. ಕಾರು ಒಂದೇ ಸಲಕ್ಕೆ, ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು.

"ಅಬ್ಬಾ!" ಎಂದಳು ಆಕೆ. ಶುಕ್ರವಾರದಿಂದ ಮೊದಲ ಸಲ ನಕ್ಕಳು. "ಪರವಾಗಿಲ್ಲ ರೀ ನೀವು."

ಆ ನಗು ನೋಡುತ್ತ ರಾಯರು ಟವೆಲ್ಲು ಕೊಡವಿದರು. ಟಣ್ ಎಂದು ಏನೋ ನೆಲಕ್ಕೆ ಬಿತ್ತು. ಒಂದು ಬೋಲ್ಟು.

ಹೆಂಡತಿ ನೋಡಲಿಲ್ಲ. ರಾಯರು ಅದನ್ನು ಕಾಲಿನಿಂದ ಮುಚ್ಚಿ, ಆಮೇಲೆ ಕೈಗೆತ್ತಿಕೊಂಡು, ಜೇಬಿಗೆ ಇಳಿಸಿದರು. ಆಕೆ ಮಲಗಲು ಹೋದ ಮೇಲೆ ಟಾರ್ಚು ಹಿಡಿದು ಎಂಜಿನ್ನನ್ನೆಲ್ಲ ಜಾಲಾಡಿದರು. ಖಾಲಿ ತೂತು ಎಲ್ಲೂ ಇಲ್ಲ. ಇರುವ ಯಾವ ಜಾಗಕ್ಕೂ ಈ ಬೋಲ್ಟು ಒಗ್ಗುವುದಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿದ್ದು. ಕಣ್ಣಿಗೆ ಕಾಣದಷ್ಟು ಒಳಗೆ, ಎಂಜಿನ್ನಿನ ಕರುಳಿನಲ್ಲಿ, ಯಾವುದೋ ಮಹತ್ವದ ಅಂಗ ಸಡಿಲವಾಗಿ ತೂಗಾಡುತ್ತಿದೆ! ಹೇಳಿದರೆ ಆಕೆ ಪರೀಕ್ಷೆಗೇ ಹೋಗುವುದಿಲ್ಲ. ಹೇಳದಿದ್ದರೆ ಪರೀಕ್ಷೆಯ ಮಧ್ಯೆ ಕಾರು ಕಳಚಿ ಬೀಳುತ್ತದೆ. ಹೇಳಲಿಲ್ಲ. ಹೆಂಡತಿ ಎರಡು ದಿನದ ಮೇಲೆ ನಕ್ಕಿದ್ದಾಳೆ. ಆ ನಗು ಕೆಡಿಸುವ ಧೈರ್ಯ ಯಾವ ಗಂಡಸಿಗಿದೆ?

ಸೋಮವಾರ ಬೆಳಗ್ಗೆ ಪರೀಕ್ಷೆಯ ಮೈದಾನ. ಸುತ್ತ ಹಗ್ಗ ಕಟ್ಟಿತ್ತು. ಹಗ್ಗದಾಚೆ ಹೆಂಡತಿ ಸ್ಟೀರಿಂಗ್ ಹಿಡಿದಿದ್ದಳು, ಪಕ್ಕದಲ್ಲಿ ಅಧಿಕಾರಿ. ಹಗ್ಗದೀಚೆ ರಾಯರು, ಜೇಬಿನಲ್ಲಿ ಬೋಲ್ಟು. ಕಾರು ಮುಂದಕ್ಕೆ ಹೋಯಿತು, ತಿರುಗಿತು, ಹಿಂದಕ್ಕೆ ಬಂತು. ಎಲ್ಲ ಸರಿಯಾಗಿತ್ತು. ಹಾಗಿದ್ದಷ್ಟೂ ರಾಯರು ಜೇಬಿನ ಬೋಲ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಕೊನೆಯ ಸುತ್ತಿಗೆ ಕಾರು ವೇಗ ಹಿಡಿದಾಗ ಕಟಕಟ ಕಟಕಟ ಎಂಬ ಸದ್ದು ಅವರ ಕಿವಿಗೆ ಸ್ಪಷ್ಟವಾಗಿ ಬಿತ್ತು. (ಪಕ್ಕದಲ್ಲಿ ಸರದಿಗಾಗಿ ಕಾದಿದ್ದವರೊಬ್ಬರ ಹಲ್ಲು, ಹೆದರಿಕೆಗೆ.) ಇನ್ನು ತಡೆಯುವುದು ಸಾಧ್ಯವಾಗಲಿಲ್ಲ. ನಿಶ್ಶಬ್ದರಾಯರು ಹಗ್ಗ ಹಾರಿ, ಬೋಲ್ಟನ್ನು ತಲೆಯ ಮೇಲೆತ್ತಿ ಹಿಡಿದು, "ನಿಲ್ಸೇ! ನಿಲ್ಸು! ಒಂದು ಉಳಿದುಬಿಟ್ಟಿದೆ!" ಎಂದು ಕೂಗುತ್ತ ನೇರ ಕಾರಿನ ಮುಂದಕ್ಕೆ ನುಗ್ಗಿದರು.

ಕೀಚ್ ಎಂದು ಕಾರು ನಿಂತಿತು. ರಾಯರ ಮಂಡಿಗೂ ಬಂಪರಿಗೂ ನಡುವೆ ಒಂದು ತೆಳ್ಳನೆಯ ಪುಸ್ತಕ ಇಡಬಹುದಿತ್ತು.

"ಭೇಷ್!" ಎಂದರು ಅಧಿಕಾರಿ, ಡ್ಯಾಶ್‌ಬೋರ್ಡಿನಿಂದ ಕೈ ತೆಗೆಯುತ್ತ. "ಹೋದ ಸಲ ಇದೇ ಬರಲಿಲ್ಲ ನಿಮಗೆ. ಈಗ ನೋಡಿ, ಯೋಚನೆನೇ ಮಾಡದೆ ಒತ್ತಿದ್ರಿ. ಪಾಸಮ್ಮ ನೀವು. ಅದಿರಲಿ, ಅಡ್ಡ ಬಂದ ಈ ಮನುಷ್ಯ ಯಾರು? ನಿಮಗೆ ಬೇಕಾದವರಾ?"

ಹೆಂಡತಿ ಗಾಜಿನಾಚೆಗೆ, ಬೋಲ್ಟು ಎತ್ತಿ ಹಿಡಿದು ನಿಂತ ಆಕೃತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಲ್ಲ ಸಾರ್," ಎಂದಳು. "ಯಾರೋ, ಪಾಪ."

ಕಾವಲುಗಾರರಿಬ್ಬರು ರಾಯರ ರಟ್ಟೆ ಹಿಡಿದು ಹಗ್ಗದೀಚೆ ತಂದು ಬಿಟ್ಟರು.

ಮನೆಗೆ ಬರುವಾಗ ರಾಯರು ಹಿಂದಿನ ಸೀಟಿನಲ್ಲಿ ಕೂತಿದ್ದರು. ಗುರುತು ಪರಿಚಯವಿಲ್ಲದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲವೆಂದು ಆಕೆ ಹೇಳಿಬಿಟ್ಟಿದ್ದಳು. ಹಿಂದಿನಿಂದಲೇ ಬೋಲ್ಟಿನ ಕತೆಯನ್ನು ಒಪ್ಪಿಸಿದರು. ಆಕೆ ತಿರುಗಿಯೂ ನೋಡಲಿಲ್ಲ. "ನಾಳೆಯಿಂದ ಈ ಕಾರಲ್ಲಿ ರೋಗಿಗಳ ಮನೆಗೆ ಹೋಗಬೇಕು ನಾನು. ಅದು ಎಲ್ಲಿಯದು ಅಂತ ಇವತ್ತೇ ಗೊತ್ತಾಗಬೇಕು. ಇಲ್ಲದಿದ್ದರೆ ನೀವೂ ನಿಮ್ಮ ಪುಸ್ತಕವೂ ಆ ಕಾರಿನ ಅಡಿಯಲ್ಲೇ ಸಂಸಾರ ಹೂಡಿ."

ಮನೆ ಸೇರಿದವರೇ ರಾಯರು ಕೈ ತೊಳೆದು, ಪುಸ್ತಕ ಬಿಡಿಸಿ, ಭೂತಗನ್ನಡಿ ಹಿಡಿದು, ಚಿತ್ರದಲ್ಲಿದ್ದ ಒಂದೊಂದೇ ಬೋಲ್ಟಿಗೆ ಇದನ್ನು ಹೋಲಿಸಿ ನೋಡಿದರು. ಪುಸ್ತಕದಲ್ಲಿ ಇಲ್ಲ. ಪುಸ್ತಕದಲ್ಲಿ ಇಲ್ಲದ್ದು ಲೋಕದಲ್ಲಿ ಇಲ್ಲ. ಆದರೆ ಇದು ಅಂಗೈ ಮೇಲೆಯೇ ಇತ್ತು. ಕೊನೆಗೆ, ಪ್ರತ್ಯಕ್ಷ ಸಾಕ್ಷಿಯನ್ನು ವಿಚಾರಿಸುವುದೊಂದೇ ದಾರಿ ಎಂದು ನಿರ್ಧರಿಸಿ, ಬಿಳಿ ಬಟ್ಟೆಯ ಮೇಲೆ ಬೋಲ್ಟನ್ನಿಟ್ಟು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಹಿಂದೆ ಹೆಂಡತಿ, ಸೊಂಟದ ಮೇಲೆ ಕೈ.

"ಅತ್ತೆ," ಎಂದರು ರಾಯರು, ನ್ಯಾಯಾಲಯಕ್ಕೆ ತಕ್ಕ ದನಿಯಲ್ಲಿ, "ಅವಸರವಿಲ್ಲ, ಚೆನ್ನಾಗಿ ನೆನಪು ಮಾಡ್ಕೊಂಡು ಹೇಳಿ. ಶನಿವಾರ ನೀವು ತೊಳೆಯುವಾಗ ಈ ಬೋಲ್ಟು ಎಂಜಿನ್ನಿನ ಮೇಲ್ಭಾಗದ ವರ್ಗಕ್ಕೆ ಸೇರಿತ್ತೋ, ಕೆಳಭಾಗದ ವರ್ಗಕ್ಕೆ ಸೇರಿತ್ತೋ?"

ಅತ್ತೆ ಒಲೆಯ ಮುಂದಿನಿಂದ ತಿರುಗಿ, ಬೋಲ್ಟನ್ನೊಮ್ಮೆ ಅಳಿಯನನ್ನೊಮ್ಮೆ ನೋಡಿದರು.

"ಮೇಲೂ ಇಲ್ಲ, ಕೆಳಗೂ ಇಲ್ಲ. ಅದು ನನ್ನ ಬಾಣಲೆ ಹಿಡಿಕೇದು. ಕೊಡಿ ಇಲ್ಲಿ."